ಸಹಿ ಆಮೇಲೆ, ಮೊದಲು ನೋಟು ನೋಡಿ

ನೀವು ಕೇಳಿದ್ದು ಇಷ್ಟು: ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಸಹಿ ಇರುವ ಒಂದು ಡಾಲರ್ ನೋಟು ಮಾರಾಟಕ್ಕಿದೆ, 1962ರಲ್ಲಿ ಅವರ ಜೊತೆಯೇ ಭೂಮಿ ಸುತ್ತಿ ಬಂದಿದ್ದಂತೆ, ಸಹಿ ಅಸಲಿ ಅಂತ ಸರ್ಟಿಫಿಕೇಟೂ ಇದೆ, ತಗೊಳ್ಳಬಹುದಾ?

ಸರ್ಟಿಫಿಕೇಟ್ ಹೇಳುವುದು ಸಹಿಯ ವಿಷಯ ಮಾತ್ರ. ನೋಟು ಮೇಲೆ ಹೋಗಿತ್ತು ಅಂತ ಅದು ಎಲ್ಲಿ ಹೇಳುತ್ತದೆ? ಇಲ್ಲೇ ನಾನು ಎಡವಿದ್ದು.

ನಾನು ಕೊಂಡ ನೋಟಿನಲ್ಲೂ ಗ್ಲೆನ್ ಅವರದೇ ಸಹಿ, ಅದೂ ಹಾರಿ ಬಂದಿದ್ದು ಅಂತಲೇ ನಂಬಿದ್ದೆ. ಮಾರಿದವರು ಸಹಿ ಇದ್ದ ಭಾಗದ ಫೋಟೋ ಮಾತ್ರ ಹಾಕಿದ್ದರು. ನಾನೂ ಸುಮ್ನೆ ದುಡ್ಡು ಕಳಿಸಿದೆ. ನೋಟು ಕೈಗೆ ಬಂದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ, ಸಣ್ಣಕ್ಷರದಲ್ಲಿ 'ಸೀರೀಸ್ 1957 ಬಿ' ಅಂತ ಇದೆ. 1957 ಅನ್ನೋದು ಸರಣಿಯ ಹೆಸರು, ಅಚ್ಚಾದ ವರ್ಷ ಅಲ್ಲ. ಪಕ್ಕದಲ್ಲಿ ಅಮೆರಿಕದ ಟ್ರೆಷರರ್ (ಸರ್ಕಾರಿ ಖಜಾಂಚಿ) ಕ್ಯಾಥ್ರಿನ್ ಗ್ರಾನಹಾನ್ ಅವರ ಅಚ್ಚಾದ ಸಹಿ. ಆಕೆ ಆ ಹುದ್ದೆಗೆ ಬಂದಿದ್ದು 1963ರ ಜನವರಿಯಲ್ಲಿ. ಗ್ಲೆನ್ ಹಾರಿದ್ದು 1962ರ ಫೆಬ್ರವರಿ 20ಕ್ಕೆ. ಅಂದರೆ ಗ್ಲೆನ್ ಬಾಹ್ಯಾಕಾಶಕ್ಕೆ ಹೋದಾಗ ಆ ನೋಟು ಇನ್ನೂ ಅಚ್ಚೇ ಆಗಿರಲಿಲ್ಲ! ಸಹಿ ಅಸಲಿಯೇ ಇರಬಹುದು. ಗ್ಲೆನ್ 2016ರವರೆಗೆ ಬದುಕಿದ್ದರು, ಹಾರಾಟ ಮುಗಿದ ಮೇಲೆ ಯಾವತ್ತಾದರೂ ಹಾಕಿರಬಹುದಲ್ವಾ.

ಇನ್ನೂ ಸುಲಭದ ಗುರುತು ಒಂದಿದೆ. ನೋಟಿನ ಮುಂಬದಿಯಲ್ಲಿರುವ ಖಜಾನೆಯ ದುಂಡು ಮುದ್ರೆಯ ಬಣ್ಣ. ಗ್ಲೆನ್ ಹಾರಿದ್ದು ಅಮೆರಿಕದ ಮೊದಲ ಮಾನವ ಬಾಹ್ಯಾಕಾಶ ಯೋಜನೆಯಾದ ಮರ್ಕ್ಯುರಿಯಲ್ಲಿ, ಅದರಲ್ಲಿ ಮನುಷ್ಯರು ಹೋದ ಹಾರಾಟಗಳೆಲ್ಲ 1961ರಿಂದ 1963ರ ಮೇವರೆಗೆ ನಡೆದವು. ಆಗ ಚಲಾವಣೆಯಲ್ಲಿದ್ದ ಒಂದು ಡಾಲರ್ ನೋಟು ಸಿಲ್ವರ್ ಸರ್ಟಿಫಿಕೇಟ್ (ಬೆಳ್ಳಿಗೆ ಬದಲಾಯಿಸಬಹುದಾಗಿದ್ದ ನೋಟು), ಅದರ ಮುದ್ರೆ ನೀಲಿ. ಇವತ್ತು ನಾವು ನೋಡುವ ಹಸಿರು ಮುದ್ರೆಯ ಒಂದು ಡಾಲರ್ ಜನರ ಕೈಗೆ ಬಂದಿದ್ದು 1963ರ ಕೊನೆಗೆ. ಹಸಿರು ಮುದ್ರೆಯ ನೋಟನ್ನು ಯಾರಾದರೂ 'ಮರ್ಕ್ಯುರಿಯಲ್ಲಿ ಹೋಗಿದ್ದು' ಅಂದರೆ ಅಲ್ಲಿಗೇ ಮಾತು ಮುಗಿಸಿ.

ಹಾಗಂತ ಎಲ್ಲವೂ ಕಟ್ಟುಕಥೆ ಅಂದುಕೊಳ್ಳಬೇಡಿ. ನೋಟಿನ ಮೇಲೆ ಜೊತೆಗಾರರ ಸಹಿ ಹಾಕಿಸಿಕೊಳ್ಳುವ ಚಟ ಪೈಲಟ್‌ಗಳಿಗೆ ಹಳೆಯದು, ಎರಡನೇ ಮಹಾಯುದ್ಧದಲ್ಲಿ ಅಂಥ ನೋಟಿಗೆ 'ಶಾರ್ಟ್ ಸ್ನಾರ್ಟರ್' ಅನ್ನುತ್ತಿದ್ದರು. ಅಮೆರಿಕದ ಮೊದಲ ಗಗನಯಾತ್ರಿಗಳೆಲ್ಲ ಪೈಲಟ್‌ಗಳೇ. ಗಸ್ ಗ್ರಿಸಮ್ ಅಂತೂ 1961ರ ಜುಲೈನಲ್ಲಿ ಆಮೇಲೆ ಹಂಚೋಣ ಅಂತ 10 ಸೆಂಟಿನ ಡೈಮ್ ನಾಣ್ಯಗಳನ್ನೇ ಸುತ್ತಿ ಒಯ್ದಿದ್ದರು. ಸಮುದ್ರಕ್ಕಿಳಿದ ಮೇಲೆ ಬಾಗಿಲು ಸಿಡಿದು ಕ್ಯಾಪ್ಸೂಲ್ ಮುಳುಗಿತು. 1999ರಲ್ಲಿ ಅದನ್ನು ನಾಲ್ಕು ಕಿಲೋಮೀಟರ್‌ಗಿಂತ ಹೆಚ್ಚು ಆಳದಿಂದ ಎತ್ತಿದಾಗ ಒಳಗೆ ಡೈಮ್‌ಗಳು ಸಿಕ್ಕವು! ನೋಡಲು ಗ್ರಿಸಮ್ ಇರಲಿಲ್ಲ, 1967ರ ಅಪೊಲೊ ಬೆಂಕಿಯಲ್ಲೇ ತೀರಿಕೊಂಡಿದ್ದರು. ಅವರ ಅಸಲಿ ಸಹಿ ಕಡಿಮೆ, ಅದಕ್ಕೇ ನಕಲಿ ಜಾಸ್ತಿ.

ಕಾನೂನಿನ ಭಯ ಬೇಡ. ಮರ್ಕ್ಯುರಿ, ಜೆಮಿನಿ, ಅಪೊಲೊ ಕಾಲದ ಯಾತ್ರಿಗಳು ನೆನಪಿಗೆ ಇಟ್ಟುಕೊಂಡ ವಸ್ತು ಅವರದೇ ಅಂತ 2012ರಲ್ಲಿ ಅಮೆರಿಕದಲ್ಲಿ ಕಾನೂನೇ ಆಗಿದೆ.

ಈಗ ನೀವು ಮಾಡಬೇಕಾದ್ದು: ನೋಟಿನ ಎರಡೂ ಬದಿಯ ಪೂರ್ತಿ ಫೋಟೋ ಕೇಳಿ. ಮುದ್ರೆ ಮತ್ತು ಸೀರೀಸ್ ಹಾರಾಟದ ಕಾಲಕ್ಕೆ ಹೊಂದಿದರೆ ಆಮೇಲೆ ಕಾಗದ ಕೇಳಿ. ನೋಟಿನ ಸೀರಿಯಲ್ ನಂಬರನ್ನೇ ಬರೆದು 'ಇದು ನನ್ನ ಜೊತೆ ಬಂದಿತ್ತು' ಅಂತ ಯಾತ್ರಿಯೇ ಸಹಿ ಮಾಡಿದ ಪತ್ರ ಇದ್ದರೆ ಬೆಲೆ ಮಾತಾಡಿ. ಬರೀ 'ಹಾರಿದ ನೋಟು' ಅಂತ ಬರೆದು ನಂಬರ್ ಬಿಟ್ಟಿದ್ದರೆ, ಆ ಪತ್ರವನ್ನು ಯಾವ ನೋಟಿನ ಜೊತೆ ಬೇಕಾದರೂ ಇಟ್ಟು ಮಾರಬಹುದು.

ನನ್ನ ನೋಟು ಇನ್ನೂ ಆಲ್ಬಮ್‌ನಲ್ಲೇ ಇದೆ. ಕೆಳಗೆ ಚೀಟಿ ಅಂಟಿಸಿದ್ದೇನೆ: 'ಗ್ಲೆನ್ ಸಹಿ. ಹಾರಿಲ್ಲ.'