ಜೇಬು ಖಾಲಿ ಇದ್ದರೆ ಕಳ್ಳ ಸಾಚಾನಾ?

ದಾವಣಗೆರೆಯ ಓದುಗರೊಬ್ಬರ ಪತ್ರ: 'ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ನನ್ನ ಜೇಬಿಗೆ ಕೈ ಹಾಕಿದ. ಜೇಬು ಖಾಲಿ. ಜನ ಹಿಡಿದು ಪೊಲೀಸರಿಗೆ ಕೊಟ್ಟರು. ಏನೂ ಕಳೆಯದ ಮೇಲೆ ಕೇಸು ಯಾಕೆ ಸಾರ್?'

ನಿಮ್ಮ ಮನಸ್ಸು ದೊಡ್ಡದು, ಒಪ್ಪಿದೆ. ಆದರೆ ಕಾನೂನು ನಿಮ್ಮ ಪ್ರಶ್ನೆಗೆ 1860ರಲ್ಲೇ ಉತ್ತರ ಕೊಟ್ಟಿದೆ. ಹಳೆಯ ದಂಡ ಸಂಹಿತೆ ಐಪಿಸಿಯಲ್ಲಿ ಅಪರಾಧದ ಪ್ರಯತ್ನಕ್ಕೂ ಶಿಕ್ಷೆ ಹೇಳುವ 511ನೇ ಸೆಕ್ಷನ್ನಿನಲ್ಲಿ ಇದೇ ಖಾಲಿ ಜೇಬಿನ ಉದಾಹರಣೆ ಇತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 62ರಲ್ಲೂ ಅದು ಹಾಗೇ ಇದೆ. ಕೈ ಹಾಕಿದವನು ತಪ್ಪಿತಸ್ಥನೇ. ಶಿಕ್ಷೆ ಮಾತ್ರ ಅರ್ಧ: ಕಳ್ಳತನಕ್ಕೆ 3 ವರ್ಷದವರೆಗೆ ಇದ್ದರೆ ಇವನಿಗೆ ಒಂದೂವರೆ. ನನ್ನ ಕೇಳಿದರೆ ಈ ಅರ್ಧ ರಿಯಾಯಿತಿಯೇ ಜಾಸ್ತಿ. ನೀವು ಆವತ್ತು ದುಡ್ಡು ಮನೆಯಲ್ಲಿ ಬಿಟ್ಟು ಬಂದಿದ್ದರಲ್ಲಿ ಅವನ ಒಳ್ಳೆಯತನ ಏನಿದೆ?

ಹಾಗಂತ ಮನಸ್ಸಲ್ಲಿ ಅಂದುಕೊಂಡವರನ್ನೆಲ್ಲ ಒಳಗೆ ಹಾಕೋಕಾಗಲ್ಲ, ಅದೂ ನಿಜ. ಅರವತ್ತರ ದಶಕದಲ್ಲಿ ಪಂಜಾಬಿನಿಂದ ಪರ್ಮಿಟ್ ಇಲ್ಲದೆ ಭತ್ತ ತುಂಬಿಕೊಂಡು ದೆಹಲಿಗೆ ಹೊರಟ ಲಾರಿಯೊಂದನ್ನು ಗಡಿಗೆ ಇನ್ನೂ ಸಾಕಷ್ಟು ದೂರ ಇರುವಾಗಲೇ ಹಿಡಿದರು. ಇದಿನ್ನೂ ಬರೀ ತಯಾರಿ, ಮನಸ್ಸು ಬದಲಾಯಿಸಿ ವಾಪಸ್ ಹೋಗಬಹುದಿತ್ತು ಅಂತ ಸುಪ್ರೀಂ ಕೋರ್ಟ್ ಬಿಟ್ಟಿತು. ಸರಿ, ಇರಲಿ.

ನನಗೆ ಇಷ್ಟವಾದ ತೀರ್ಪು ಬೇರೆ, 1961ರದ್ದು. ಅಭಯಾನಂದ ಮಿಶ್ರ ಅಂತ ಒಬ್ಬ. ಪದವಿಯೂ ಇಲ್ಲ, ಮೇಷ್ಟ್ರ ಕೆಲಸವೂ ಇಲ್ಲ. ಎರಡೂ ಇದೆ ಅಂತ ಸುಳ್ಳು ಸರ್ಟಿಫಿಕೇಟು ಲಗತ್ತಿಸಿ, ಪಟ್ನಾ ವಿಶ್ವವಿದ್ಯಾಲಯಕ್ಕೆ ಇಂಗ್ಲಿಷ್ ಎಂ.ಎ. ಪರೀಕ್ಷೆಗೆ ಅರ್ಜಿ ಹಾಕಿದ. ಪ್ರವೇಶ ಪತ್ರವೂ ಹೊರಟಿತ್ತು, ಅಷ್ಟರಲ್ಲಿ ಗುಟ್ಟು ರಟ್ಟಾಯಿತು. ಪರೀಕ್ಷೆ ಬರೆಯಲೇ ಇಲ್ಲ. ನಾನು ಮಾಡಿದ್ದು ಬರೀ ತಯಾರಿ ಅಂತ ವಾದಿಸಿದ. ಕೋರ್ಟ್ ಕೇಳಲಿಲ್ಲ: ಅರ್ಜಿ ಬರೆದು ಮುಗಿಸಿದಾಗಲೇ ತಯಾರಿ ಮುಗಿಯಿತು, ಕಳಿಸಿದ ಗಳಿಗೆಯಿಂದ ಅದು ವಂಚನೆಯ ಪ್ರಯತ್ನ. ಎಷ್ಟು ಚೆನ್ನಾಗಿದೆ ಅಲ್ವಾ?

ನಮಗೋ, ಹೆಣ ಬೀಳುವವರೆಗೆ ಯಾವುದೂ ತಪ್ಪಲ್ಲ. ಕುಡಿದು ಕಾರು ಓಡಿಸಿದವನು ಮನೆ ಸೇರಿದನಾ, ಏನೂ ಆಗಿಲ್ವಲ್ಲ ಬಿಡಿ. ಮಚ್ಚು ಬೀಸಿದ ಏಟು ತಪ್ಪಿತಾ, ಊರ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ. ಏಟು ತಗುಲದಿದ್ದರೂ ಕೊಲೆ ಯತ್ನಕ್ಕೆ 10 ವರ್ಷದವರೆಗೆ ಶಿಕ್ಷೆ ಇದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ನೀವು ಸುಮ್ನೆ ಪಾಪ ಅನ್ನುತ್ತಾ ಕೂರಬೇಡಿ. ಪೊಲೀಸರು ಹೇಳಿಕೆಗೆ ಕರೆದರೆ ಹೋಗಿ, ನಡೆದದ್ದು ಹೇಳಿ ಬನ್ನಿ.