ಕಾರಿನ ಹಿಂದಿನ ಆ ಪ್ಲೇಟ್ ಯಾವ ಊರಿನದು?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ನನ್ನ ಮಗಳು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಎರಡು ತಿಂಗಳ ಹಿಂದೆ ರಾತ್ರಿ ಹನ್ನೊಂದೂವರೆಗೆ ಆ್ಯಪ್‌ನಲ್ಲಿ ಬುಕ್ ಮಾಡಿ ಟ್ಯಾಕ್ಸಿ ಹತ್ತಿದಳು. ಸ್ವಲ್ಪ ದೂರ ಹೋದ ಮೇಲೆ ಡ್ರೈವರ್, ಬುಕಿಂಗ್ ಕ್ಯಾನ್ಸಲ್ ಮಾಡಿ ಕ್ಯಾಶ್ ಕೊಡಿ, ಕಡಿಮೆಗೆ ಬಿಡುತ್ತೇನೆ ಅಂದನಂತೆ. ಇವಳು ಒಪ್ಪಲಿಲ್ಲ. ಆತ ಮುಖ ಗಂಟು ಹಾಕಿಕೊಂಡು ಮನೆಗೆ ಇನ್ನೂ ಅರ್ಧ ಮೈಲಿ ಇರುವಾಗಲೇ ಇಳಿಸಿ ಹೋದ. ಕಾರಿನ ಹಿಂದಿದ್ದ ಪ್ಲೇಟಿನ ಫೋಟೊ ತೆಗೆದಿಟ್ಟಿದ್ದಾಳೆ. ಅದರ ಮೇಲೆ ಮ್ಯಾಂಚೆಸ್ಟರ್ ಹೆಸರೇ ಇಲ್ಲ, ಬೇರೆ ಊರಿನ ಕೌನ್ಸಿಲ್ ಹೆಸರಿದೆ. ಅದು ನಕಲಿ ಕಾರಾ? ಅಲ್ಲಿ ನಗರಸಭೆಗೂ ಟ್ಯಾಕ್ಸಿಗೂ ಏನು ಸಂಬಂಧ? ದೂರು ಕೊಡು ಅಂದರೆ, ಪಾಪ, ಅವರ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ ಅನ್ನುತ್ತಾಳೆ. ಏನು ಮಾಡಲಿ?"

ಸಂಪಾದಕರ ಉತ್ತರ:

ನಿಮ್ಮ ಮಗಳು ಆ ರಾತ್ರಿ ಎರಡು ಕೆಲಸ ಸರಿಯಾಗಿ ಮಾಡಿದ್ದಾರೆ. ಬುಕಿಂಗ್ ಕ್ಯಾನ್ಸಲ್ ಮಾಡಲಿಲ್ಲ, ಕಾರಿಗೆ ಕೌನ್ಸಿಲ್ ಕೊಡುವ ಲೈಸೆನ್ಸ್ ಪ್ಲೇಟಿನ (ನಂಬರ್ ಪ್ಲೇಟ್ ಅಲ್ಲ) ಫೋಟೊ ತೆಗೆದರು. ಎರಡೂ ಯಾಕೆ ಮುಖ್ಯ ಅಂತ ಹೇಳುತ್ತೇನೆ. ಮಗಳಿಗೆ ನೀವೇ ಇದನ್ನು ಓದಿ ಹೇಳಿ.

ನಮ್ಮಲ್ಲಿ ಹಳದಿ ಬೋರ್ಡ್, ಪರ್ಮಿಟ್, ಎಫ್‌ಸಿ ಎಲ್ಲವೂ ಆರ್‌ಟಿಒ ಕೈಯಲ್ಲಿ, ಅಂದರೆ ರಾಜ್ಯ ಸರಕಾರದ ಕೈಯಲ್ಲಿ. ನಗರಸಭೆ ಆ ಕಡೆ ತಲೆ ಹಾಕುವುದಿಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ. ಲಂಡನ್‌ಗೆ ಬೇರೆ ವ್ಯವಸ್ಥೆ ಇದೆ. ಅದನ್ನು ಬಿಟ್ಟರೆ ಆಯಾ ಊರಿನ ಕೌನ್ಸಿಲ್‌ನದೇ ಹೊಣೆ. ಕುದುರೆ ಗಾಡಿಗಳ ಕಾಲದಲ್ಲಿ, 1847ರಲ್ಲಿ ಬಂದ ಕಾಯ್ದೆ ಇವತ್ತಿಗೂ ಅಲ್ಲಿ ಜಾರಿಯಲ್ಲಿದೆ. ಅದರ ಜೊತೆಗೆ 1976ರ ಇನ್ನೊಂದು ಕಾಯ್ದೆ. ಹೀಗೆ ಲೈಸೆನ್ಸ್ ಕೊಡುವ ಸಂಸ್ಥೆಗಳು ಇಂಗ್ಲೆಂಡಿನಲ್ಲಿ 260ಕ್ಕೂ ಹೆಚ್ಚು. ಮ್ಯಾಂಚೆಸ್ಟರ್ ಮತ್ತು ಸುತ್ತಲಿನ ಊರುಗಳು ಸೇರಿದ ಗ್ರೇಟರ್ ಮ್ಯಾಂಚೆಸ್ಟರ್ ಒಂದರಲ್ಲೇ 10 ಕೌನ್ಸಿಲ್‌ಗಳಿವೆ.

ನಾವು ಸುಮ್ನೆ ಟ್ಯಾಕ್ಸಿ ಅನ್ನುತ್ತೇವೆ. ಅಲ್ಲಿನ ಕಾನೂನಿನಲ್ಲಿ ಎರಡು ಜಾತಿ. ಒಂದು ಹ್ಯಾಕ್ನಿ ಕ್ಯಾರೇಜ್. ಇದು ಸ್ಟ್ಯಾಂಡಿನಲ್ಲಿ ನಿಲ್ಲಬಹುದು, ಬೀದಿಯಲ್ಲಿ ಕೈ ತೋರಿಸಿದರೆ ಹತ್ತಿಸಿಕೊಳ್ಳಬಹುದು. ಮೀಟರ್ ದರವನ್ನು ಕೌನ್ಸಿಲ್ಲೇ ಗೊತ್ತು ಮಾಡುತ್ತದೆ. ಇನ್ನೊಂದು ಪ್ರೈವೇಟ್ ಹೈರ್. ನಿಮ್ಮ ಮಗಳು ಹತ್ತಿದ್ದು ಇದು. ಮೊದಲೇ ಬುಕ್ ಆಗಿರಲೇಬೇಕು. ದರಕ್ಕೆ ಕೌನ್ಸಿಲ್ ಕಟ್ಟುಪಾಡಿಲ್ಲ. ಆದರೆ ಡ್ರೈವರ್‌ಗೆ ಒಂದು ಲೈಸೆನ್ಸ್, ಕಾರಿಗೆ ಒಂದು, ಬುಕಿಂಗ್ ತೆಗೆದುಕೊಳ್ಳುವ ಆಪರೇಟರ್‌ಗೆ ಒಂದು ಬೇಕು. ಮೂರೂ ಒಂದೇ ಕೌನ್ಸಿಲ್‌ನದಾಗಿರಬೇಕು. ಆಪರೇಟರ್ ಪ್ರತಿ ಬುಕಿಂಗಿನ ದಾಖಲೆ ಇಡಬೇಕು.

ಈಗ ಆ ಕ್ಯಾನ್ಸಲ್ ವಿಷಯ. ಬುಕಿಂಗ್ ಇದ್ದರೆ ಯಾರು ಓಡಿಸಿದರು, ಯಾವ ಕಾರು, ಎಲ್ಲಿ ಹತ್ತಿಸಿದರು, ಎಲ್ಲವೂ ಒಂದು ಕಡೆ ಬರೆದಿರುತ್ತದೆ. ಕ್ಯಾನ್ಸಲ್ ಮಾಡಿದ ಕ್ಷಣ ಆ ಸವಾರಿ ಲೆಕ್ಕದಲ್ಲೇ ಇರುವುದಿಲ್ಲ. ಮೇಲಾಗಿ ಈ ಕಾರುಗಳ ವಿಮೆ ಬುಕ್ ಆದ ಸವಾರಿಗೆ ಮಾತ್ರ. ಬುಕ್ ಆಗದ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೊರಟರೆ ವಿಮೆ ಇಲ್ಲದೆ ಓಡಿಸಿದ ಹಾಗೆ. ಅದಕ್ಕೆ ಅಲ್ಲಿ ಡ್ರೈವಿಂಗ್ ಲೈಸೆನ್ಸಿನ ಮೇಲೆ ಕನಿಷ್ಠ 6 ದಂಡದ ಅಂಕ ಬೀಳುತ್ತವೆ. ಕೌನ್ಸಿಲ್ ಅಧಿಕಾರಿಗಳು ಇದನ್ನು ಹಿಡಿಯಲೆಂದೇ ಶನಿವಾರ ರಾತ್ರಿ ಸಾಮಾನ್ಯ ಪ್ರಯಾಣಿಕರ ಹಾಗೆ ಬಂದು, "ಇಲ್ಲೇ ಹತ್ತಿರ ಬಿಡ್ತೀರಾ?" ಅಂತ ಕೇಳುತ್ತಾರೆ. ಒಪ್ಪಿ ಹೊರಟವರು ಕೋರ್ಟಿಗೆ ಹೋಗಬೇಕಾಗುತ್ತದೆ.

ಕೌನ್ಸಿಲ್‌ನವರ ತಪಾಸಣೆಯನ್ನು ನಾನೂ ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಉತ್ತರ ಇಂಗ್ಲೆಂಡಿನಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಸಂಜೆ ಸ್ಟೇಷನ್ ಮುಂದೆ ಹಳದಿ ಜಾಕೆಟ್ ಹಾಕಿದ ಹೆಂಗಸೊಬ್ಬರು ಕಾರೊಂದನ್ನು ನಿಲ್ಲಿಸಿಕೊಂಡಿದ್ದರು. ಮೊದಲು ಡ್ರೈವರ್ ಕೊರಳಿನ ಬ್ಯಾಡ್ಜ್ ನೋಡಿದರು. ಆಮೇಲೆ ಮೊಣಕಾಲೂರಿ ಕೂತು, ಪೆನ್ನಿನಷ್ಟು ಚಿಕ್ಕ ಅಳತೆಕಡ್ಡಿಯನ್ನು ಟೈರಿನ ಗೀರುಗಳಿಗೆ ಇಳಿಸಿ ನೋಡಿದರು. ಅಲ್ಲಿ ಕಾರಿನ ಟೈರಿಗೆ ಕಡೇಪಕ್ಷ 1.6 ಮಿ.ಮೀ. ಆಳ ಇರಬೇಕು. ಹಿಂದಿನ ಎಡ ಟೈರ್ ಸವೆದಿತ್ತು. ಅಲ್ಲೇ ಚೀಟಿ ಬರೆದು ಕೊಟ್ಟರು. ಟೈರ್ ಬದಲಾಯಿಸಿ ತೋರಿಸುವ ತನಕ ಆ ಕಾರು ಬಾಡಿಗೆಗೆ ಹೋಗುವ ಹಾಗಿಲ್ಲ. ಡ್ರೈವರ್ ನಮ್ಮ ಕಡೆಯವರಂತೆಯೇ ಕಾಣುತ್ತಿದ್ದರು, ಐವತ್ತು ದಾಟಿರಬೇಕು. ಜಗಳವಾಡಲಿಲ್ಲ. ಚೀಟಿ ಮಡಚಿ ಜೇಬಿಗಿಟ್ಟು, ಫೋನ್ ತೆಗೆದು ಮನೆಗೆ ಹೇಳಿದರು. ಅವರ ಶನಿವಾರದ ದುಡಿಮೆ ಹೋಯಿತು. ನನಗೆ ಬೇಸರವಾಯಿತು. ಆದರೂ ರಾತ್ರಿ ಆ ಕಾರಿನಲ್ಲಿ ತಂಗಿಯ ಮಕ್ಕಳನ್ನು ಕಳಿಸುತ್ತಿದ್ದೆನಾ ಅಂತ ಕೇಳಿಕೊಂಡರೆ, ಇಲ್ಲ ಅಂತಲೇ ಉತ್ತರ ಬರುತ್ತಿತ್ತು.

ಇನ್ನು ಬೇರೆ ಊರಿನ ಪ್ಲೇಟ್. ಅಷ್ಟಕ್ಕೇ ಅದು ನಕಲಿ ಅನ್ನಲಾಗದು. ಪ್ರೈವೇಟ್ ಹೈರ್ ಕಾರು ಬುಕಿಂಗ್ ಇದ್ದರೆ ದೇಶದ ಯಾವ ಮೂಲೆಯಲ್ಲಾದರೂ ಓಡಬಹುದು. 2015ರಲ್ಲಿ ಕಾನೂನು ಇನ್ನಷ್ಟು ಸಡಿಲವಾಯಿತು. ಒಂದು ಊರಿನ ಆಪರೇಟರ್ ತನ್ನ ಬುಕಿಂಗನ್ನು ಇನ್ನೊಂದು ಊರಿನ ಆಪರೇಟರ್‌ಗೆ ದಾಟಿಸಬಹುದು ಅಂತಾಯಿತು. ಅಲ್ಲಿಂದ ಡ್ರೈವರ್‌ಗಳು ಎಲ್ಲಿ ಶುಲ್ಕ ಕಡಿಮೆಯೋ, ಎಲ್ಲಿ ಕೆಲಸ ಬೇಗ ಆಗುತ್ತದೋ ಅಲ್ಲಿ ಲೈಸೆನ್ಸ್ ತೆಗೆದುಕೊಳ್ಳತೊಡಗಿದರು. ವುಲ್ವರ್‌ಹ್ಯಾಂಪ್ಟನ್ ಕೌನ್ಸಿಲ್ ಇದಕ್ಕೆ ದೇಶಕ್ಕೆಲ್ಲ ಹೆಸರಾಗಿದೆ. ಅಲ್ಲಿ ಲೈಸೆನ್ಸ್ ಪಡೆದವರಲ್ಲಿ ಬಹುಪಾಲು ಜನ ಆ ಊರಿನವರೇ ಅಲ್ಲ. ಆ ಕೌನ್ಸಿಲ್ ತನ್ನ ಅಧಿಕಾರಿಗಳನ್ನು ಬೇರೆ ನಗರಗಳಿಗೂ ತಪಾಸಣೆಗೆ ಕಳಿಸುತ್ತದೆ, ಅದನ್ನೂ ಹೇಳಬೇಕು. ಆದರೆ ದೇಶದ ತುಂಬ ಓಡುವ ಸಾವಿರಾರು ಕಾರುಗಳ ಹಿಂದೆ ಎಷ್ಟು ಜನ ಓಡಾಡಲು ಸಾಧ್ಯ?

ತೊಂದರೆ ಇರುವುದು ಇಲ್ಲಿ. ನಾನು ನೋಡಿದ ಹಳದಿ ಜಾಕೆಟ್ಟಿನ ಅಧಿಕಾರಿಯ ಅಧಿಕಾರ ತನ್ನ ಕೌನ್ಸಿಲ್ ಪ್ಲೇಟಿನ ಕಾರಿನ ಮೇಲೆ ಮಾತ್ರ. ಪಕ್ಕದಲ್ಲೇ ಹೊರ ಊರಿನ ಕಾರು ನಿಂತಿದ್ದರೆ, ಆ ಊರಿನವರು ಮೊದಲೇ ಅಧಿಕಾರ ಬರೆದು ಕೊಟ್ಟಿರದ ಹೊರತು ಅದರ ಟೈರಿಗೆ ಕೈ ಹಾಕುವಂತಿಲ್ಲ. ಪೊಲೀಸರು ನೋಡಬಹುದು, ಆದರೆ ಅವರಿಗೆ ಬೇರೆ ನೂರು ಕೆಲಸ. ಕಾರು ಯಾವ ಬೀದಿಯಲ್ಲಿ ಓಡುತ್ತದೋ ಆ ಬೀದಿಯ ಕೌನ್ಸಿಲ್‌ಗೆ ಅದನ್ನು ನಿಲ್ಲಿಸುವ ಅಧಿಕಾರ ಇರಲೇಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇದು ಬರೀ ಟೈರಿನ ಮಾತಲ್ಲ. ರಾದರ್‌ಹ್ಯಾಮ್ ಎಂಬ ಊರಿನ ಕಥೆ ನೀವು ಕೇಳಿರಬಹುದು. 1997ರಿಂದ 2013ರ ನಡುವೆ ಅಲ್ಲಿ ಸುಮಾರು 1,400 ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು ಅಂತ 2014ರ ಆಗಸ್ಟ್‌ನಲ್ಲಿ, ಸ್ವತಂತ್ರ ತನಿಖೆ ನಡೆಸಿದ ಅಲೆಕ್ಸಿಸ್ ಜೇ ಅವರ ವರದಿ ಹೇಳಿತು. ಅದರಲ್ಲಿ ಕೆಲವು ಟ್ಯಾಕ್ಸಿ ಡ್ರೈವರ್‌ಗಳ ಪಾತ್ರ ಮೊದಲಿನಿಂದಲೂ ಎದ್ದು ಕಾಣುತ್ತಿತ್ತು ಅಂತಲೂ ಬರೆದಿತ್ತು. ಮುಂದಿನ ವರ್ಷ, ಆ ಕೌನ್ಸಿಲ್ಲನ್ನು ತಪಾಸಣೆ ಮಾಡಲು ಸರಕಾರ ನೇಮಿಸಿದ್ದ ಲೂಯಿಸ್ ಕೇಸಿ ಅವರ ವರದಿ ಬಂತು. ಸರಕಾರ ಆ ಕೌನ್ಸಿಲ್‌ಗೆ ತನ್ನ ಆಯುಕ್ತರನ್ನು ಕಳಿಸಿತು. ಟ್ಯಾಕ್ಸಿ ನಿಯಮ ಬಿಗಿಯಾಯಿತು, ಕಾರಿನೊಳಗೆ ಕ್ಯಾಮೆರಾ ಕಡ್ಡಾಯವಾಯಿತು. ಆದರೆ ಆ ಕ್ಯಾಮೆರಾ ನಿಯಮ ಹೊರಗಿನ ಪ್ಲೇಟಿಗೆ ತಟ್ಟುವುದಿಲ್ಲ! ಅಷ್ಟು ನೊಂದ ಊರಿಗೂ ತನ್ನ ಬೀದಿಯನ್ನು ಪೂರ್ತಿ ಕಾಯುವ ಅಧಿಕಾರ ಇರಲಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ. ಅದೇ ಕೇಸಿ ಅವರು 2025ರ ಜೂನ್‌ನಲ್ಲಿ ಕೊಟ್ಟ ಇನ್ನೊಂದು ವರದಿಯಲ್ಲಿ ಈ ಕಿಂಡಿಯನ್ನು ಮುಚ್ಚಿ ಅಂತ ಕೇಳಿದರು. ಸರಕಾರ ಒಪ್ಪಿತು.

ಇದನ್ನು ಹೇಳುವಾಗ ನನಗೆ ಇನ್ನೊಂದು ಎಚ್ಚರವೂ ಇದೆ. ಅಲ್ಲಿ ಟ್ಯಾಕ್ಸಿ ಓಡಿಸುವವರಲ್ಲಿ ತುಂಬಾ ಜನ ದುಡಿಮೆಗೆಂದು ದೂರದಿಂದ ಬಂದ ಕುಟುಂಬಗಳವರು. ಸಾಲ ಮಾಡಿ ಕಾರು ಕೊಂಡಿರುತ್ತಾರೆ. ಕೆಲವರ ತಪ್ಪಿಗೆ ಎಲ್ಲರನ್ನೂ ಅನುಮಾನದಿಂದ ನೋಡಬಾರದು. ತಪಾಸಣೆ ಸರಿಯಾಗಿ ನಡೆದರೆ ಮೊದಲ ಲಾಭ ಅವರಿಗೇ.

ಹಾಗಾಗಿ ಮಗಳ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೆ ಒಂದು ದೂರಿಗೇ ಯಾರ ಲೈಸೆನ್ಸೂ ತಕ್ಷಣ ಹೋಗುವುದಿಲ್ಲ. ಡ್ರೈವರ್‌ನ ಮಾತನ್ನೂ ಕೇಳುತ್ತಾರೆ. ಎಚ್ಚರಿಕೆ ಕೊಟ್ಟು ಬಿಡಬಹುದು, ಕೆಲವು ದಿನ ಅಮಾನತು ಮಾಡಬಹುದು. ಜನರ ಸುರಕ್ಷತೆಗೆ ಅಪಾಯ ಕಂಡರೆ ಮಾತ್ರ ಆ ಕ್ಷಣದಿಂದಲೇ ನಿಲ್ಲಿಸುತ್ತಾರೆ. ಆಗಲೂ ಡ್ರೈವರ್ 21 ದಿನದೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಆದರೆ ಇದೇ ಡ್ರೈವರ್ ಮೇಲೆ ಹಿಂದೆ ಇಂಥದ್ದೇ ಎರಡು ದೂರು ಬಂದಿದ್ದರೆ, ಅವುಗಳ ಪಕ್ಕದಲ್ಲಿ ಇದೂ ಇರಬೇಕು ಅಲ್ವಾ?

ದೂರು ಹೋಗಬೇಕಾದ್ದು ಮ್ಯಾಂಚೆಸ್ಟರ್‌ಗೆ ಅಲ್ಲ, ಪ್ಲೇಟಿನ ಮೇಲೆ ಹೆಸರಿರುವ ಕೌನ್ಸಿಲ್‌ನ ಲೈಸೆನ್ಸಿಂಗ್ ವಿಭಾಗಕ್ಕೆ. ಹಲವು ಕೌನ್ಸಿಲ್‌ಗಳ ವೆಬ್‌ಸೈಟಿನಲ್ಲಿ ಪ್ಲೇಟ್ ನಂಬರ್ ಹಾಕಿ ಲೈಸೆನ್ಸ್ ನಿಜವೇ ಅಂತಲೂ ನೋಡಬಹುದು. ತಾರೀಕು, ಸಮಯ, ಪ್ಲೇಟಿನ ಫೋಟೊ, ಆ್ಯಪ್‌ನಲ್ಲಿರುವ ಸವಾರಿಯ ವಿವರ, ಇಳಿಸಿ ಹೋದ ಜಾಗ, ಇಷ್ಟನ್ನು ಸರಳವಾಗಿ ಬರೆದರೆ ಸಾಕು. ಆ್ಯಪ್ ಕಂಪನಿಗೂ ಒಂದು ಪ್ರತಿ ಕಳಿಸಲಿ. ಬುಕಿಂಗ್ ದಾಖಲೆಯನ್ನು ಕಡೇಪಕ್ಷ 6 ತಿಂಗಳು ಇಡಬೇಕು ಅಂತ ಅಲ್ಲಿನ ಸರಕಾರದ ಮಾರ್ಗಸೂಚಿ ಹೇಳುತ್ತದೆ. ಆಗಲೇ ಎರಡು ತಿಂಗಳು ಕಳೆದಿದೆ. ಈ ವಾರವೇ ಬರೆಯಲು ಹೇಳಿ.