ಕತ್ತಲಲ್ಲಿ ಹಾಲೆಮರವನ್ನು ಗುರುತಿಸುವವರು

ಬೊರಿವಲಿಯ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಪಾದ್ರಿ ಸಂತಾಪಾವ್ ಅವರ ಕುರಿತು ಬಂದ ಲೇಖನವನ್ನು, ಒಬ್ಬ ಧರ್ಮಗುರುವಿನ ಅಂತರಂಗ ತಿಳಿಯಬಹುದೆಂಬ ಆಸೆಯಿಂದ ಓದಿದೆ. ಸಿಕ್ಕಿದ್ದು ಗಿಡಗಳ ಪಟ್ಟಿ. ಬೆಟ್ಟ ಸುತ್ತಿ ಸೊಪ್ಪು ಕಿತ್ತು ಕಾಗದಕ್ಕೆ ಅಂಟಿಸುವುದರಲ್ಲಿ ಅಧ್ಯಾತ್ಮ ಎಲ್ಲಿದೆ? ಮುಂಬಯಿ ಕನ್ನಡಿಗರ ಪತ್ರಿಕೆಗೆ ಸ್ಪೇನಿನ ಪಾದ್ರಿಯ ಗೊಡವೆ ಏಕೆ? ನಮ್ಮ ಅಜ್ಜ ತುಳುನಾಡಿನ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಕಷಾಯಕ್ಕೆಂದು ಹಾಲೆಮರದ ತೊಗಟೆ ಜಜ್ಜಿ ತರುತ್ತಿದ್ದರು. ಅವರಿಗೆ ಯಾವ ಲ್ಯಾಟಿನ್ ಹೆಸರೂ ಬೇಕಾಗಿರಲಿಲ್ಲ.”

ಮಾನ್ಯರೇ, ನಿಮ್ಮ ಆಕ್ಷೇಪದಲ್ಲಿ ಸತ್ಯಾಂಶವಿದೆ. ಲೇಖನದಲ್ಲಿ ಸಸ್ಯನಾಮಗಳ ಸಾಲು ಉದ್ದವಾಯಿತು. ಅದನ್ನು ಮೊಟಕುಗೊಳಿಸಬೇಕಾದದ್ದು ನನ್ನ ಕೆಲಸವಾಗಿತ್ತು. ಆದರೆ “ಅಧ್ಯಾತ್ಮ ಎಲ್ಲಿದೆ” ಎಂಬ ನಿಮ್ಮ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ನನ್ನಿಂದಾಗದು.

ಹರ್ಮೆನೆಗಿಲ್ಡ್ ಸಂತಾಪಾವ್ ಹುಟ್ಟಿದ್ದು 1903ರಲ್ಲಿ, ಸ್ಪೇನಿನಲ್ಲಿ. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಪಂಥ ಸೇರಿ, ತಾರುಣ್ಯದಲ್ಲೇ ಭಾರತಕ್ಕೆ ಬಂದು, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದರು. ಈ ದೇಶದ ಪೌರತ್ವ ಪಡೆದರು, ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾದರು, 1967ರಲ್ಲಿ ಪದ್ಮಶ್ರೀ ಪಡೆದು 1970ರಲ್ಲಿ ತೀರಿಕೊಂಡರು. ಇದೆಲ್ಲ ಯಾವ ಕೋಶದಲ್ಲಿಯೂ ಸಿಗುತ್ತದೆ. ನನ್ನನ್ನು ಹಿಡಿದಿಟ್ಟದ್ದು ಬೇರೆ. ಪಶ್ಚಿಮ ಘಟ್ಟದ ಖಂಡಾಲಾದ ಸಸ್ಯಸಂಪತ್ತಿನ ಕುರಿತ ಅವರ ಗ್ರಂಥ 1953ರಲ್ಲಿ ಬಂತು. ಆ ಬಳಿಕ ಪುಣೆಯ ಹತ್ತಿರದ ಪುರಂದರ ಕೋಟೆಯ ಗಿಡಗಳ ಕುರಿತು ಇನ್ನೊಂದು. ಇಡೀ ದೇಶವನ್ನು ಸುತ್ತಬಲ್ಲವರು ಒಂದೇ ಘಟ್ಟಕ್ಕೆ, ಒಂದೇ ಕೋಟೆಗೆ, ಮಳೆಯಲ್ಲೂ ಬಿಸಿಲಲ್ಲೂ ಮತ್ತೆ ಮತ್ತೆ ಹೋಗಿ, ಯಾವ ಹುಲ್ಲು ಯಾವ ತಿಂಗಳಲ್ಲಿ ತೆನೆಯಾಗುತ್ತದೆ ಎಂದು ಬರೆದಿಟ್ಟರು. ಎಲ್ಲ ವಸ್ತುಗಳಲ್ಲೂ ದೇವರನ್ನು ಕಾಣಬೇಕೆಂಬುದು ಜೆಸ್ವಿಟರ ಸಾಧನಾಮಾರ್ಗದ ತಿರುಳು. ನಾಗಬನದ ಒಂದು ಕಡ್ಡಿಯನ್ನೂ ಮುರಿಯದ ಊರಿನವರಾದ ನಿಮಗೆ ಈ ಮಾತನ್ನು ನಾನು ಬಿಡಿಸಿ ಹೇಳಬೇಕೇ?

ಕಾರ್ವಿಯ ಉದಾಹರಣೆಯನ್ನೇ ನೋಡಿ. ನಮ್ಮ ಮಲೆನಾಡಿನ ಗುರಿಗೆಯ ಬಂಧುವಾದ ಈ ಗಿಡ ಸಹ್ಯಾದ್ರಿಯ ಇಳಿಜಾರುಗಳಲ್ಲಿ ಏಳು ವರ್ಷ ಸುಮ್ಮನೆ ಬೆಳೆದು, ಎಂಟನೆಯ ವರ್ಷ ಗುಡ್ಡಕ್ಕೆ ಗುಡ್ಡವೇ ನೇರಳೆಯಾಗುವಂತೆ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ನಿಮ್ಮ ಮನೆಯ ಬೆನ್ನಿಗಿರುವ ರಾಷ್ಟ್ರೀಯ ಉದ್ಯಾನದಲ್ಲಿ 2016ರಲ್ಲಿ ಅರಳಿದ್ದು ಮತ್ತೆ ಅರಳಿದ್ದು 2024ರಲ್ಲಿ. ಈ ಸಾಮೂಹಿಕ ಹೂಬಿಡುವಿಕೆಯ ಬಗ್ಗೆಯೂ ಸಂತಾಪಾವ್ ಬರೆದಿದ್ದಾರೆ. ಒಂದು ಹೂವಿಗಾಗಿ ಎಂಟು ವರ್ಷ ಕಾದು, ಅದು ಉದುರಿದ ಮೇಲೆ ಮತ್ತೆ ಎಂಟು ವರ್ಷ ಕಾಯಲು ಸಿದ್ಧನಾಗುವ ಮನಸ್ಸನ್ನು ತಪಸ್ಸೆನ್ನದೆ ಇನ್ನೇನೆನ್ನಲಿ?

ಬೊರಿವಲಿಯವರಾದ ನಿಮಗೆ ಇನ್ನೊಂದು ವಿಷಯವನ್ನು ಸಂತೋಷದಿಂದ ತಿಳಿಸುತ್ತೇನೆ. ಔಷಧದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಬಿಳಿ ಮುಸಲಿಯ ಶಾಸ್ತ್ರೀಯ ಹೆಸರು ಕ್ಲೋರೋಫೈಟಮ್ ಬೊರಿವಿಲಿಯಾನಮ್. ಅದನ್ನು ಮೊದಲು ವಿವರಿಸಿ ನಿಮ್ಮ ಊರಿನ ಹೆಸರಿಟ್ಟವರು ಇದೇ ಸಂತಾಪಾವ್ ಮತ್ತು ಅವರ ಸಹೋದ್ಯೋಗಿ. ಮಳೆ ಹಿಡಿದ ಮೊದಲ ವಾರಗಳಲ್ಲಿ ರೈಲು ನಿಲ್ದಾಣದ ಹೊರಗೆ ಆದಿವಾಸಿ ಹೆಂಗಸರು ಗೋಣಿ ಹಾಸಿ, ದಪ್ಪ ಹುಲ್ಲಿನಂತೆ ಕಾಣುವ, ಬುಡ ಬೆಳ್ಳಗಿರುವ ಸೊಪ್ಪನ್ನು ಸಣ್ಣ ಕಟ್ಟುಗಳಾಗಿ ಮಾರುವುದನ್ನು ನೀವು ನೋಡಿರಬೇಕು. ಕುಲು, ಫೋಡಶಿ ಎನ್ನುತ್ತಾರೆ. ಅದು ಈ ಮುಸಲಿಯ ಬಳಗದ್ದೇ. ಒಮ್ಮೆ ನಾನು ಒಂದು ಕಟ್ಟು ಕೊಂಡಾಗ ಆ ತಾಯಿ ಸುಮ್ಮನೆ ದುಡ್ಡು ಎಣಿಸಿಕೊಳ್ಳಲಿಲ್ಲ. ಒಂದು ಬುಡವನ್ನು ಸೀಳಿ, ನಡುವಿನ ಗಟ್ಟಿ ದಂಟನ್ನು ಉಗುರಿನಿಂದ ಎಳೆದು ತೋರಿಸಿ, ಇದನ್ನು ಬಿಸಾಡಿಯೇ ಪಲ್ಯ ಮಾಡಬೇಕೆಂದು ಎರಡೆರಡು ಸಲ ಹೇಳಿದರು. ಲ್ಯಾಟಿನ್ ಬಲ್ಲ ಪಾದ್ರಿಯ ಕಣ್ಣಿಗೂ ಆ ಉಗುರಿಗೂ ನಾನು ಭೇದ ಕಾಣಲಾರೆ.

ಇನ್ನು “ನಮಗೇಕೆ ಗೊಡವೆ” ಎಂಬ ಮಾತು. ಝೇವಿಯರ್ಸ್ ಕಾಲೇಜಿನ ಸಸ್ಯಸಂಗ್ರಹಾಲಯಕ್ಕೆ ಸಂತಾಪಾವ್ ಅವರಿಗಿಂತ ಮೊದಲಿನ ಸ್ವಿಸ್ ಪಾದ್ರಿ ಎಥೆಲ್ಬರ್ಟ್ ಬ್ಲಾಟರ್ ಅವರ ಹೆಸರಿದೆ. ಅಲ್ಲಿ ನಾನು ಒಂದು ಮಧ್ಯಾಹ್ನ ಕಳೆದಿದ್ದೇನೆ. ಕಪಾಟಿನಿಂದ ತೆಗೆದ ಹಾಳೆಯೊಂದರ ಮೇಲೆ ಕಂದುಬಣ್ಣಕ್ಕೆ ತಿರುಗಿದ ಎಲೆಗಳು. ಮೂಲೆಯ ಚೀಟಿಯಲ್ಲಿ ಮಸುಕಾದ ಶಾಯಿಯಲ್ಲಿ “ಉತ್ತರ ಕನ್ನಡ” ಎಂಬ ಜಿಲ್ಲೆಯ ಹೆಸರು. ಆ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಸೆಜ್ವಿಕ್ ಮತ್ತು ಬೆಲ್ ಎಂಬ ಅಧಿಕಾರಿಗಳು ಸಂಗ್ರಹಿಸಿದ ಗಿಡಗಳು ಇಂದಿಗೂ ಅಲ್ಲಿವೆ. ಶತಮಾನದ ಹಿಂದಿನ ನಮ್ಮ ಕಾಡಿನ ಸಾಕ್ಷಿಪತ್ರಗಳು ಚರ್ಚ್‌ಗೇಟಿನಿಂದ ನಡೆದು ಹೋಗುವಷ್ಟು ದೂರದಲ್ಲಿರುವಾಗ, ಅವುಗಳನ್ನು ಕಾಯ್ದವರ ಗೊಡವೆ ನಮಗಲ್ಲದೆ ಇನ್ನಾರಿಗೆ?

ನನ್ನ ಸಂಕಟವನ್ನೂ ಹೇಳಿಬಿಡುತ್ತೇನೆ. ನಾನು ಹಿಂದೆ ವಾಸವಿದ್ದ ಹೌಸಿಂಗ್ ಸೊಸೈಟಿಯಲ್ಲಿ ಗೇಟಿನ ಪಕ್ಕ ಒಂದು ಹೊಳೆದಾಸವಾಳದ ಮರವಿತ್ತು. ಮರಾಠಿಯವರ ತಾಮ್ಹಣ್ ಅದು, ಮಹಾರಾಷ್ಟ್ರದ ರಾಜ್ಯಪುಷ್ಪ. ಎಸಳು ಉದುರಿ ಕಾರುಗಳು ಹೊಲಸಾಗುತ್ತವೆಂದು ಅದನ್ನು ಕಡಿಸಿದರು. ಸಭೆಯ ನಡಾವಳಿಯಲ್ಲಿ ಬರೆದದ್ದು “ಗೇಟಿನ ಬಳಿಯ ಒಂದು ಮರ” ಎಂದಷ್ಟೇ. ಕೂತಿದ್ದ ನಲವತ್ತು ಮಂದಿಯಲ್ಲಿ ಒಬ್ಬರಿಗೂ ಅದರ ಹೆಸರು ಗೊತ್ತಿರಲಿಲ್ಲ. ನನಗೂ ಗೊತ್ತಾದದ್ದು ಕಡಿದ ಮೇಲೆ. ಹೆಸರು ತಿಳಿದಿದ್ದರೆ ಎದ್ದುನಿಂತು ವಾದಿಸುತ್ತಿದ್ದೆ ಎಂಬ ಕೊರಗು ಈಗಲೂ ಇದೆ. ನಮ್ಮ ಸಂಘಗಳು ಅಭಿನಂದನ ಗ್ರಂಥಗಳನ್ನು ಸಾಲಾಗಿ ತರುತ್ತವೆ. ಈ ಮಹಾನಗರದ ಬೀದಿಮರಗಳ ಕನ್ನಡ, ತುಳು, ಕೊಂಕಣಿ ಹೆಸರುಗಳ ಒಂದು ಕೈಪಿಡಿಯನ್ನು ತರೋಣವೆಂದರೆ, ಅದನ್ನು ಯಾರು ಓದುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ಶಾಲೆಯ ಮಕ್ಕಳು ಮಳೆಕಾಡಿನ ಬಗ್ಗೆ ಪ್ರಬಂಧ ಬರೆಯುತ್ತಾರೆ, ಶಾಲೆಯ ಆವರಣದ ಮರ ಯಾವುದೆಂದರೆ ಮುಖ ನೋಡುತ್ತಾರೆ. ಕಾಲೇಜುಗಳಲ್ಲಿ ಗಿಡ ನೋಡಿ ಗುರುತಿಸುವ ವಿದ್ಯೆಗೆ ಮರ್ಯಾದೆ ಕಡಿಮೆಯಾಗಿದೆ.

ನಿಮ್ಮ ಅಜ್ಜನ ವಿಷಯಕ್ಕೆ ಬರುತ್ತೇನೆ. ಅವರನ್ನು ನೀವು ಪಾದ್ರಿಯ ಎದುರಾಳಿಯಂತೆ ನಿಲ್ಲಿಸಿದ್ದೀರಿ. ನನಗೆ ಅವರು ಪಾದ್ರಿಯ ಪಕ್ಕದಲ್ಲೇ ಕಾಣುತ್ತಾರೆ. ಆಟಿಯ ಆ ಕತ್ತಲಲ್ಲಿ, ಸುರಿವ ಮಳೆಯಲ್ಲಿ, ಲೋಹ ತಾಗಿಸದೆ ಕಲ್ಲಿನಿಂದ ಜಜ್ಜಿ ತರುವ ತೊಗಟೆ ಹಾಲೆಯದಾಗಿರದೆ ವಿಷದ ಮರವಾದ ಕಾಸರಕದ್ದಾಗಿದ್ದರೆ, ಕಷಾಯ ಕುಡಿದ ಮನೆಮಂದಿಯ ಗತಿಯೇನಾಗುತ್ತಿತ್ತು? ಆ ಒಂದು ಬೆಳಗಿನ ಮಟ್ಟಿಗೆ ಮನೆಯವರ ಪ್ರಾಣ ಅವರ ಬೆರಳ ತುದಿಯಲ್ಲಿತ್ತು. ಅವರು ಮರವನ್ನು ಯಾವುದರಿಂದ ಗುರುತಿಸುತ್ತಿದ್ದರು? ತೊಗಟೆಯ ಒರಟಿನಿಂದಲೋ, ಒಸರುವ ಹಾಲಿನಿಂದಲೋ, ವಾಸನೆಯಿಂದಲೋ, ಹಿಂದಿನ ಸಂಜೆಯೇ ಹೋಗಿ ಗುರುತು ಕಟ್ಟಿ ಬರುತ್ತಿದ್ದರೋ? ದಯವಿಟ್ಟು ನೆನಪಿರುವಷ್ಟನ್ನು ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.